ಡೈನೋಸಾರ್ ಅಳಿವಿಗೆ ನೂರು ಕಾರಣಗಳು: ಹವ್ಯಾಸಿ ವಾದಗಳು ಎಡವಿದ್ದೆಲ್ಲಿ, ನಿಂತದ್ದೆಲ್ಲಿ

1962ರಲ್ಲಿ ಅಮೆರಿಕದ ಕೀಟವಿಜ್ಞಾನಿ ಸ್ಟ್ಯಾನ್ಲಿ ಫ್ಲ್ಯಾಂಡರ್ಸ್ ಒಂದು ಪುಟ್ಟ ಪ್ರಬಂಧ ಬರೆದು, ಡೈನೋಸಾರ್‌ಗಳನ್ನು ಮುಗಿಸಿದ್ದು ಕಂಬಳಿಹುಳುಗಳಿರಬಹುದು ಎಂದರು. ಹೂ ಬಿಡುವ ಗಿಡಗಳ ಜೊತೆಜೊತೆಗೇ ಚಿಟ್ಟೆ, ಪತಂಗಗಳು ಹೆಚ್ಚಿದವು, ಅವುಗಳ ಮರಿಹುಳುಗಳು ಸೊಪ್ಪುಸದೆಯನ್ನೆಲ್ಲ ಬೋಳಿಸಿದವು, ಸಸ್ಯಾಹಾರಿ ದೈತ್ಯಗಳು ಹಸಿವಿನಿಂದ ಸತ್ತವು ಎಂಬುದು ವಾದ. ಅದೇ ದಶಕದಲ್ಲಿ ಇನ್ನೊಬ್ಬರು ಮಲಬದ್ಧತೆಯನ್ನು ಮುಂದಿಟ್ಟರು: ಜರೀಗಿಡಗಳು ಕಡಿಮೆಯಾದವು, ಹೊಟ್ಟೆ ಸಡಿಲಿಸುವ ಎಣ್ಣೆ ಸಿಗದೆ ಪ್ರಾಣಿಗಳು ನರಳಿ ಸತ್ತವು. 1928ರಲ್ಲೇ ಬಂದಿದ್ದ ಮತ್ತೊಂದು ವಾದದ ಪ್ರಕಾರ, ಜ್ವಾಲಾಮುಖಿ ಧೂಳು ನೇರಳಾತೀತ ಕಿರಣಗಳನ್ನು ತಡೆದಿದ್ದರಿಂದ ಮೂಳೆ ಮೆದುವಾಗುವ ರಿಕೆಟ್ಸ್ ರೋಗ ಬಂತು. ಮುಂದೆ ವಿಷಗಿಡಗಳ ವಾದ ಬಂತು, ಕಣ್ಣಿನ ಪೊರೆಯ ವಾದವೂ ಬಂತು.

ಬ್ರಿಟನ್ನಿನ ಪ್ರಾಕ್ತನಜೀವಿ ತಜ್ಞ ಮೈಕೆಲ್ ಬೆಂಟನ್ 1990ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿದಾಗ ಸಂಖ್ಯೆ ನೂರು ದಾಟಿತ್ತು. ಈ ಚರ್ಚೆಯ ಇತಿಹಾಸವನ್ನು ಅವರು ಮೂರು ಘಟ್ಟಗಳಾಗಿ ವಿಂಗಡಿಸಿದರು. 1920ರವರೆಗೆ ಅಳಿವು ಯಾರಿಗೂ ದೊಡ್ಡ ಪ್ರಶ್ನೆಯಾಗಿಯೇ ಕಾಣಲಿಲ್ಲ. 1920ರಿಂದ 1970ರವರೆಗಿನದು ಹವ್ಯಾಸಿಗಳ ಕಾಲ. ಆಮೇಲಿನದು ವೃತ್ತಿಪರರ ಕಾಲ. ಇಲ್ಲಿ ಹವ್ಯಾಸಿ ಎಂದರೆ ಓದು ಬಾರದವರು ಎಂದಲ್ಲ. ಹೆಚ್ಚಿನವರು ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರೇ. ಆದರೆ ಕೀಟ ಬಲ್ಲವರಿಗೆ ಕೀಟ ಕಂಡಿತು, ರೋಗ ಬಲ್ಲವರಿಗೆ ರೋಗ ಕಂಡಿತು. ಬಂಡೆಯ ಪದರಗಳನ್ನು ಮಾತ್ರ ಯಾರೂ ಕೇಳಲಿಲ್ಲ.

ಮೊದಲ ಘಟ್ಟದ ಮೌನಕ್ಕೂ ಕಾರಣವಿತ್ತು. 1842ರಲ್ಲಿ ರಿಚರ್ಡ್ ಓವೆನ್ ಈ ಪ್ರಾಣಿಗಳಿಗೆ ಹೆಸರಿಟ್ಟ ಮೇಲೆ ಎಷ್ಟೋ ಕಾಲ ವಂಶಗಳಿಗೂ ಮುಪ್ಪು ಬರುತ್ತದೆ ಎಂಬ ನಂಬಿಕೆ ಚಾಲ್ತಿಯಲ್ಲಿತ್ತು. ಕೊಂಬು, ಮುಳ್ಳು, ದೈತ್ಯದೇಹ ಇವೆಲ್ಲ ಮುದಿವಂಶದ ಲಕ್ಷಣ, ಆದ್ದರಿಂದ ಅವು ಸಹಜವಾಗಿ ಮುಗಿದವು ಎಂದು ಬಗೆದರು. ಮೊಸಳೆ, ಆಮೆಗಳ ವಂಶಗಳೂ ಡೈನೋಸಾರ್‌ಗಳಷ್ಟೇ ಹಳೆಯವು, ಅವು ಇಂದಿಗೂ ಇವೆ. ವಾದ ಬೀಳಲು ಇಷ್ಟೇ ಸಾಕಿತ್ತು, ಆದರೂ ಬೀಳಲು ದಶಕಗಳು ಹಿಡಿದವು.

ಅಳಿವಿನ ಯಾವುದೇ ವಾದವನ್ನು ತೂಗಲು ಮೊದಲು ಸಮುದ್ರಕ್ಕೆ ಇಳಿಯಬೇಕು. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳಷ್ಟೇ ಅಲ್ಲ, ಸುರುಳಿ ಚಿಪ್ಪಿನ ಅಮೋನೈಟ್‌ಗಳು, ಮೊಸಾಸಾರ್ ಎಂಬ ಕಡಲ ಹಲ್ಲಿಗಳು, ತೇಲುವ ಫೊರಾಮಿನಿಫೆರಾ ಸೂಕ್ಷ್ಮಜೀವಿಗಳ ಬಹುಪಾಲು ಕೂಡ ಹೋದವು. ಒಟ್ಟು ಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ನಾಶವಾದವು. ಕಂಬಳಿಹುಳು ಅಮೋನೈಟನ್ನು ಮುಟ್ಟಲಾರದು, ಮಲಬದ್ಧತೆ ಪ್ಲಾಂಕ್ಟನ್‌ಗೆ ಬರುವುದಿಲ್ಲ. ಎರಡನೆಯದಾಗಿ, ಬದುಕುಳಿದವರ ಲೆಕ್ಕ ಕೊಡಬೇಕು: ಕಪ್ಪೆ, ಆಮೆ, ಮೊಸಳೆ, ಸಣ್ಣ ಸಸ್ತನಿಗಳು, ಕೆಲವು ಹಕ್ಕಿಗಳು. ಮೂರನೆಯದು ಸಮಯ. ಸಸ್ತನಿಗಳು ಮೊಟ್ಟೆ ಕದ್ದು ತಿಂದದ್ದೇ ಕಾರಣ ಎನ್ನುವ ವಾದ ಈಗಲೂ ಓಡಾಡುತ್ತಿದೆ. ಸಸ್ತನಿಗಳು ಡೈನೋಸಾರ್‌ಗಳ ಜೊತೆ 14 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬಾಳಿದ್ದವು. ಅಷ್ಟು ಕಾಲ ತಿನ್ನದ ಮೊಟ್ಟೆಯನ್ನು ಕೊನೆಗೆ ಏಕಾಏಕಿ ತಿಂದು ಮುಗಿಸಿದ್ದೇಕೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ವಿಷಗಿಡದ ವಾದವೂ ಇಲ್ಲೇ ಮುಗ್ಗರಿಸುತ್ತದೆ, ಏಕೆಂದರೆ ಹೂಗಿಡಗಳು ಹುಟ್ಟಿ ಹರಡಿದ್ದು ಅಳಿವಿಗೆ ಕೋಟಿಗಟ್ಟಲೆ ವರ್ಷಗಳ ಮುಂಚೆ.

ಈ ಗುಂಪಿನಲ್ಲಿ ಒಬ್ಬರು ಮಾತ್ರ ಸತ್ಯದ ತೀರ ಹತ್ತಿರ ಹೋಗಿದ್ದರು. ಸಮುದ್ರದ ಸ್ಪಂಜುಗಳ ತಜ್ಞ ಎಂ. ಡಬ್ಲ್ಯೂ. ಡಿ ಲಾಬೆನ್‌ಫೆಲ್ಸ್ 1956ರಲ್ಲಿ, ದೊಡ್ಡ ಉಲ್ಕೆ ಬಿದ್ದು ಅದರ ಬಿಸಿಗಾಳಿಗೆ ಡೈನೋಸಾರ್‌ಗಳು ಸತ್ತಿರಬಹುದು, ನೀರಿನಲ್ಲೂ ಬಿಲಗಳಲ್ಲೂ ಇದ್ದವು ಉಳಿದಿರಬಹುದು ಎಂದು ಬರೆದರು. ಯಾರೂ ಕಿವಿಗೊಡಲಿಲ್ಲ. ಕಿವಿಗೊಟ್ಟಿದ್ದರೂ ಪರೀಕ್ಷಿಸಲು ಅವರ ಪ್ರಬಂಧದಲ್ಲಿ ಅಳೆಯುವಂಥದ್ದೇನೂ ಇರಲಿಲ್ಲ. ಊಹೆ ಸರಿಯಿದ್ದರೂ ಕೈಯಲ್ಲಿ ಒಂದು ತುಣುಕು ಸಾಕ್ಷ್ಯ ಇಲ್ಲದಿದ್ದರೆ ಅದು ಉಳಿದ ನೂರರಲ್ಲಿ ಒಂದಾಗಿಯೇ ಉಳಿಯುತ್ತದೆ.

ಸಾಕ್ಷ್ಯ ಸಿಕ್ಕಿದ್ದು ಬೇರೆಯೇ ಪ್ರಶ್ನೆಯಿಂದ. ಇಟಲಿಯ ಗುಬ್ಬಿಯೊ ಬಳಿ ಸುಣ್ಣಕಲ್ಲಿನ ಎರಡು ಪದರಗಳ ನಡುವೆ ಅಳಿವಿನ ಗಡಿಯನ್ನು ಗುರುತಿಸುವ, ಒಂದು ಸೆಂಟಿಮೀಟರಿನಷ್ಟು ಜೇಡಿಪದರವಿದೆ. ಅದು ಸಂಗ್ರಹವಾಗಲು ಎಷ್ಟು ವರ್ಷ ಬೇಕಾಯಿತು ಎಂಬುದು ಭೂವಿಜ್ಞಾನಿ ವಾಲ್ಟರ್ ಆಲ್ವರೆಜ್ ಅವರ ಪ್ರಶ್ನೆ. ಅವರ ತಂದೆ ಲೂಯಿಸ್ ಆಲ್ವರೆಜ್ 1968ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ. ಪ್ರಾಕ್ತನಜೀವಿಗಳ ಮಟ್ಟಿಗೆ ಪೂರ್ತಿ ಹೊರಗಿನವರು. ಬಾಹ್ಯಾಕಾಶದ ಧೂಳು ಭೂಮಿಗೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೀಳುತ್ತದೆ, ಅದರಲ್ಲಿ ಇರಿಡಿಯಂ ಎಂಬ ಲೋಹ ಇರುತ್ತದೆ, ಭೂಮಿಯ ಮೇಲ್ಪದರದಲ್ಲಿ ಅದು ಬಹಳ ಅಪರೂಪ. ಹಾಗಾಗಿ ಜೇಡಿಯ ಇರಿಡಿಯಂ ಅಳೆದರೆ ವರ್ಷ ಸಿಗುತ್ತದೆ ಎಂಬುದು ಲೂಯಿಸ್ ಲೆಕ್ಕ.

ಅಳತೆ ಮಾಡಿದವರು ಬರ್ಕ್ಲಿಯ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮೈಕೆಲ್. ಜೇಡಿಯ ಮಾದರಿಯನ್ನು ಅಣುರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನ್ ಹೊಡೆಸಿದರೆ ಇರಿಡಿಯಂ-191 ಒಂದು ನ್ಯೂಟ್ರಾನ್ ನುಂಗಿ ಇರಿಡಿಯಂ-192 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 74 ದಿನ. ಬೇರೆ ಧಾತುಗಳ ಗದ್ದಲ ತಣಿಯುವವರೆಗೆ ಕಾದು, ಅದು ಹೊರಸೂಸುವ ಗಾಮಾ ಕಿರಣಗಳನ್ನು ಎಣಿಸಬೇಕು. ಶತಕೋಟಿಯಲ್ಲಿ ಕೆಲವೇ ಭಾಗಗಳ ಲೆಕ್ಕವಾದ್ದರಿಂದ ಕೆಡುವುದೂ ಸುಲಭ: ಪ್ಲಾಟಿನಂ ಆಭರಣಗಳಿಗೆ ಗಟ್ಟಿತನಕ್ಕೆಂದು ಇರಿಡಿಯಂ ಬೆರೆಸುತ್ತಾರೆ, ಮಾದರಿ ಮುಟ್ಟುವವರ ಬೆರಳಿನಲ್ಲಿ ಅಂಥ ಉಂಗುರವಿದ್ದರೆ ಅದು ಸವೆದು ಉದುರುವ ಕಣಗಳೇ ಸುಳ್ಳು ಫಲಿತಾಂಶ ಕೊಡಬಲ್ಲವು.

ಗುಬ್ಬಿಯೊದಲ್ಲಿ ಇರಿಡಿಯಂ ಸುತ್ತಲಿನ ಪದರಗಳಿಗಿಂತ ಸುಮಾರು 30 ಪಟ್ಟು, ಡೆನ್ಮಾರ್ಕಿನ ಸ್ಟೆವ್ನ್ಸ್ ಕ್ಲಿಂಟ್‌ನಲ್ಲಿ 160 ಪಟ್ಟು, ನ್ಯೂಜಿಲೆಂಡಿನಲ್ಲಿ 20 ಪಟ್ಟು ಹೆಚ್ಚಿತ್ತು. ನಿಧಾನಕ್ಕೆ ಬೀಳುವ ಧೂಳು ಇಷ್ಟು ತರಲಾರದು. ಇರಿಡಿಯಂ ನಕ್ಷತ್ರ ಸ್ಫೋಟದಿಂದ ಬಂದಿರಬಹುದೆಂಬ ವಾದವನ್ನೂ ಅವರೇ ಪರೀಕ್ಷಿಸಿದರು. ಅದು ನಿಜವಾಗಿದ್ದರೆ ಪ್ಲುಟೋನಿಯಂ-244 ಸಿಗಬೇಕಿತ್ತು, ಸಿಗಲಿಲ್ಲ. 1980ರಲ್ಲಿ ಪ್ರಕಟವಾದ ತೀರ್ಮಾನ: ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಅಪ್ಪಳಿಸಿತ್ತು. ಅದೇ ವರ್ಷ ಯಾನ್ ಸ್ಮಿಟ್ ಸ್ಪೇನಿನ ಕಾರವಾಕಾದಿಂದ ಸ್ವತಂತ್ರವಾಗಿ ಇದನ್ನೇ ವರದಿ ಮಾಡಿದರು.

ಆಗ ಪ್ರಾಕ್ತನಜೀವಿ ತಜ್ಞರು ತಕರಾರು ತೆಗೆದರು, ಅದು ನ್ಯಾಯವಾದ ತಕರಾರೇ. ಅಮೆರಿಕದ ಮೊಂಟಾನಾದಲ್ಲಿ ಇರಿಡಿಯಂ ಪದರದ ಕೆಳಗಿನ ಸುಮಾರು 3 ಮೀಟರಿನಲ್ಲಿ ಡೈನೋಸಾರ್ ಮೂಳೆ ಕಾಣುತ್ತಿರಲಿಲ್ಲ. ಹಾಗಾದರೆ ಬಂಡೆ ಬೀಳುವ ಮೊದಲೇ ಅವು ಸತ್ತಿರಬೇಕಲ್ಲ? 1982ರಲ್ಲಿ ಫಿಲಿಪ್ ಸಿನ್ಯೋರ್ ಮತ್ತು ಜೆರೆ ಲಿಪ್ಸ್ ಇದಕ್ಕೊಂದು ಲೆಕ್ಕಾಚಾರದ ಉತ್ತರ ಕೊಟ್ಟರು. ಅಪರೂಪದ ಪ್ರಾಣಿಯ ಕೊನೆಯ ಮೂಳೆ ನಮಗೆ ಸಿಗುವ ಜಾಗ, ಅದು ನಿಜಕ್ಕೂ ಅಳಿದ ಗಳಿಗೆಗಿಂತ ಹಿಂದೆಯೇ ಇರುತ್ತದೆ, ಆದ್ದರಿಂದ ಹಠಾತ್ ಅಳಿವೂ ಕ್ರಮೇಣ ನಡೆದಂತೆ ಕಾಣುತ್ತದೆ. ಇದು ನಿಜವೋ ಎಂದು ತಿಳಿಯಲು ಒಂದೇ ದಾರಿ, ಹೆಚ್ಚು ಮೂಳೆ ಹುಡುಕುವುದು.

ಹುಡುಕಿದವರು ನಿಜಾರ್ಥದ ಹವ್ಯಾಸಿಗಳು. ಮಿಲ್ವಾಕೀ ಸಾರ್ವಜನಿಕ ವಸ್ತುಸಂಗ್ರಹಾಲಯದ ಪೀಟರ್ ಶೀಹನ್ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಮೊಂಟಾನಾ ಸೀಮೆಯ ಹೆಲ್ ಕ್ರೀಕ್ ಎಂಬ ಬಂಡೆಪದರಗಳಿಗೆ ಇಳಿಸಿದರು. ಪ್ರದರ್ಶನಕ್ಕೆ ಒಪ್ಪುವ ದೊಡ್ಡ ಮೂಳೆಯನ್ನು ಆರಿಸುವ ಹಳೆಯ ಪದ್ಧತಿ ಬಿಟ್ಟು, ಜನ ಸಾಲಾಗಿ ನಡೆದು, ಕಂಡದ್ದನ್ನೆಲ್ಲ, ಎಷ್ಟೇ ಸಾಮಾನ್ಯ ಪ್ರಾಣಿಯದಾದರೂ, ಅದು ಪದರದಲ್ಲಿ ಎಲ್ಲಿತ್ತು ಎಂಬುದರ ಜೊತೆ ದಾಖಲಿಸಿದರು. ಸುಮಾರು 15,000 ಗಂಟೆಗಳ ಕ್ಷೇತ್ರಕಾರ್ಯದ ಬಳಿಕ 1991ರಲ್ಲಿ ಬಂದ ಫಲಿತಾಂಶ: ಕೊನೆಯ ಪದರಗಳಲ್ಲಿ ಡೈನೋಸಾರ್ ವೈವಿಧ್ಯ ಕ್ರಮೇಣ ಕುಗ್ಗಿದ ಗುರುತಿಲ್ಲ. 2011ರಲ್ಲಿ ಕೊಂಬಿನ ಡೈನೋಸಾರ್ ಒಂದರ ಕೊಂಬು ಅಳಿವಿನ ಗಡಿಪದರದಿಂದ ಬರೀ 13 ಸೆಂ.ಮೀ. ಕೆಳಗೆ ಸಿಕ್ಕಿತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಈ ಸ್ವಯಂಸೇವಕರ ಕೆಲಸ. ಅವರು ಹೊಸ ಸಿದ್ಧಾಂತ ಮಂಡಿಸಲಿಲ್ಲ, ಇದ್ದ ಸಿದ್ಧಾಂತಗಳನ್ನು ತೂಗಲು ಬೇಕಾದ ಅಂಕಿಗಳನ್ನು ಕೂಡಿಸಿದರು.

ಕುಳಿಯ ವಿಷಯ ಹೆಚ್ಚು ಪರಿಚಿತ. 1978ರಲ್ಲಿ ಮೆಕ್ಸಿಕೋದ ಯುಕಾಟಾನ್ ತೀರದಲ್ಲಿ ತೈಲ ಹುಡುಕುತ್ತಿದ್ದ ಗ್ಲೆನ್ ಪೆನ್‌ಫೀಲ್ಡ್ ಅವರಿಗೆ ಕಾಂತೀಯ ನಕ್ಷೆಯಲ್ಲಿ ವೃತ್ತಾಕಾರ ಕಂಡಿತ್ತು. ಅವರೂ ಆಂಟೋನಿಯೊ ಕಮಾರ್ಗೊ ಅವರೂ 1981ರಲ್ಲಿ ಇದನ್ನು ಹೇಳಿದರೂ ಅಳಿವಿನ ಚರ್ಚೆಯಲ್ಲಿದ್ದವರಿಗೆ ಅದು ತಲುಪಲಿಲ್ಲ. ಸುಮಾರು 180 ಕಿ.ಮೀ. ವ್ಯಾಸದ ಚಿಕ್ಸುಲುಬ್ ಕುಳಿಯನ್ನು ಅಳಿವಿನೊಂದಿಗೆ ಜೋಡಿಸಿ ಅಲನ್ ಹಿಲ್ಡೆಬ್ರಾಂಡ್ ತಂಡ ಬರೆದದ್ದು 1991ರಲ್ಲಿ. ಅಪ್ಪಳಿಸಿದ ನೆಲ ಸುಣ್ಣಕಲ್ಲು ಮತ್ತು ಜಿಪ್ಸಂ. ಅದರಿಂದ ಎದ್ದ ಗಂಧಕ, ಧೂಳು, ಮಸಿ ಬಿಸಿಲನ್ನು ತಡೆದು ದ್ಯುತಿಸಂಶ್ಲೇಷಣೆಗೆ ಪೆಟ್ಟು ಕೊಟ್ಟವು. ಸಮುದ್ರದ ಪ್ಲಾಂಕ್ಟನ್ ಏಕೆ ಹೋಯಿತು, ಕೊಳೆತ ಎಲೆಯನ್ನೇ ನೆಚ್ಚಿದ ಸಿಹಿನೀರಿನ ಆಹಾರ ಸರಪಳಿಯಲ್ಲಿ ಆಮೆ, ಮೊಸಳೆ ಏಕೆ ಉಳಿದವು ಎಂಬೆರಡಕ್ಕೂ ಇದರಲ್ಲಿ ಉತ್ತರವಿದೆ.

ಇಷ್ಟಾದರೂ ಹೊಸ ವಾದಗಳು ನಿಂತಿಲ್ಲ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳಾದ ಸೌರೋಪಾಡ್‌ಗಳು ಹೊಟ್ಟೆಯಿಂದ ವರ್ಷಕ್ಕೆ 52 ಕೋಟಿ ಟನ್ ಮೀಥೇನ್ ಬಿಟ್ಟಿರಬಹುದೆಂದು ಅಂದಾಜಿಸಿದರು. ಅದು ಆ ಯುಗದ ಬೆಚ್ಚನೆಯ ಹವೆಯ ಕುರಿತ ಲೆಕ್ಕ. ಅಳಿವಿಗೆ ಅದೇ ಕಾರಣ ಎಂದು ಅವರು ಹೇಳಿರಲಿಲ್ಲ. ಕೆಲವು ಮಾಧ್ಯಮಗಳು ಡೈನೋಸಾರ್‌ಗಳು ತಮ್ಮ ವಾಯುವಿನಿಂದಲೇ ಅಳಿದವು ಎಂದು ಬರೆದವು, ಜನ ಅದನ್ನೇ ಇಂದಿಗೂ ಹಂಚುತ್ತಿದ್ದಾರೆ. ಮುಂಬೈ ಕಡಲಿನಾಚೆ ಶಿವ ಎಂಬ ದೈತ್ಯ ಕುಳಿಯಿದೆ ಎಂಬ ಶಂಕರ್ ಚಟರ್ಜಿ ಅವರ ವಾದವನ್ನು ಬಹುತೇಕ ಭೂವಿಜ್ಞಾನಿಗಳು ಒಪ್ಪಿಲ್ಲ.

ಗಂಭೀರವಾಗಿ ಉಳಿದಿರುವ ಪ್ರತಿವಾದ ಒಂದೇ, ಅದು ನಮ್ಮ ನೆಲದ್ದು. ಡೆವಿ ಮೆಕ್‌ಲೀನ್, ವಿನ್ಸೆಂಟ್ ಕೂರ್ತಿಯೊ, ಗೆರ್ಟಾ ಕೆಲ್ಲರ್ ಮೊದಲಾದವರು ದಖ್ಖನ್ ಲಾವಾ ಹರಿವುಗಳತ್ತ ಬೊಟ್ಟು ಮಾಡಿದರು. ಇಂದು ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿರುವ ಈ ಕಪ್ಪುಕಲ್ಲಿನ ದಕ್ಷಿಣದ ಅಂಚು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳಲ್ಲಿದೆ. ಅಲ್ಲಿನ ಎರೆಭೂಮಿಯ ಬಹುಪಾಲು ಅದೇ ಕಲ್ಲು ಶಿಥಿಲವಾಗಿ ಆದದ್ದು. ಗುರುಮಠಕಲ್ ಮತ್ತು ಯಾನಾಗುಂದಿಗಳಲ್ಲಿ ಎರಡು ಲಾವಾ ಪದರಗಳ ನಡುವೆ ಕೆರೆಯ ಕೆಸರು ಉಳಿದಿದ್ದು, ಆಸ್ಟ್ರಕೋಡ್ ಎಂಬ ಸಿಹಿನೀರಿನ ಪುಟ್ಟ ಚಿಪ್ಪುಜೀವಿ‌ಗಳ ಚಿಪ್ಪುಗಳು ಸಿಕ್ಕಿವೆ. ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ಜೀವ ಮರಳಿ ನೆಲೆಯೂರುತ್ತಿತ್ತು ಎಂಬುದಕ್ಕೆ ಅದು ಗುರುತು.

ತಕರಾರು ಈಗ ಲಾವಾ ಉಕ್ಕಿದ ಕಾಲದ್ದು. 2019ರಲ್ಲಿ ಎರಡು ತಂಡಗಳು ಒಟ್ಟಿಗೇ ಫಲಿತಾಂಶ ಪ್ರಕಟಿಸಿದವು. ಪದರಗಳ ನಡುವೆ ಸಿಕ್ಕ ಜಿರ್ಕಾನ್ ಹರಳುಗಳ ವಯಸ್ಸು ತಿಳಿಯಲು ಅವುಗಳ ಯುರೇನಿಯಂ-ಸೀಸ ಅಳೆದ ಬ್ಲೇರ್ ಶೋನ್ ತಂಡಕ್ಕೆ ನಾಲ್ಕು ದೊಡ್ಡ ಉಕ್ಕುಗಳು ಕಂಡವು, ಅವುಗಳಲ್ಲೊಂದು ಅಳಿವಿಗೆ ಕೆಲವೇ ಹತ್ತು ಸಾವಿರ ವರ್ಷ ಮೊದಲು. ಲಾವಾದ ಆರ್ಗಾನ್ ಅಳೆದ ಕೋರ್ಟ್ನಿ ಸ್ಪ್ರೇನ್ ತಂಡದ ಪ್ರಕಾರ, ಲಾವಾದ ಸುಮಾರು ಮುಕ್ಕಾಲು ಪಾಲು ಹರಿದದ್ದು ಅಪ್ಪಳಿಕೆಯ ನಂತರ. ಮೊದಲನೆಯದು ನಿಂತರೆ ಜ್ವಾಲಾಮುಖಿಗೂ ಅಳಿವಿನಲ್ಲಿ ಪಾಲಿರಬಹುದು. ಎರಡನೆಯದು ನಿಂತರೆ, ಲಾವಾದ ಹೆಚ್ಚಿನ ಭಾಗ ಉಕ್ಕುವ ಹೊತ್ತಿಗೆ ಡೈನೋಸಾರ್‌ಗಳು ಆಗಲೇ ಇರಲಿಲ್ಲ. ಅದು ಇತ್ಯರ್ಥವಾಗಬೇಕಿರುವುದು ಸಹ್ಯಾದ್ರಿಯ ಒಂದೊಂದೇ ಹರಿವಿನಿಂದ ತೆಗೆಯುವ ಇನ್ನಷ್ಟು ಮಾದರಿಗಳಲ್ಲಿ, ಮತ್ತು ಲಾವಾದ ಗಾತ್ರದ ಜೊತೆಗೆ ಅನಿಲ ಯಾವಾಗ ಎಷ್ಟು ಹೊರಬಿತ್ತು ಎಂಬ ಅಳತೆಯಲ್ಲಿ.