ಲಿನಕ್ಸ್‌ ಒಳಗೆ ರಸ್ಟ್‌ಗೆ ಜಾಗ ಸಿಕ್ಕಿದ್ದು ಹೀಗೆ

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓಪನ್ ಸೋರ್ಸ್‌ಗೆ ಕೈ ಹಚ್ಚಬೇಕು ಅನ್ನೋ ಹುಡುಗರು ಈಗ ಕೇಳೋದು ಇದನ್ನೇ: "ಸಿ ಸಾಕಾ, ರಸ್ಟ್ ಕಲೀಬೇಕಾ ಸರ್?" ಸಿ ಹಳೇ ಪ್ರೋಗ್ರಾಮಿಂಗ್ ಭಾಷೆ, ರಸ್ಟ್ ಹೊಸದು. ಈ ಪ್ರಶ್ನೆಯ ಹಿಂದೆ ದೊಡ್ಡ ಜಗಳವೇ ಇದೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ್ದು ಸಿ ಭಾಷೆಯಲ್ಲಿ. ಮರುವರ್ಷ ಸಿ++ ಹಚ್ಚಿ ನೋಡಿದರು, ಸರಿ ಬರಲಿಲ್ಲ, ಕೈಬಿಟ್ಟರು. ಆಮೇಲೆ ಮೂವತ್ತು ವರ್ಷ ಹೊಸ ಭಾಷೆಗೆ ಬಾಗಿಲು ತೆರೆಯಲಿಲ್ಲ.

ತೆರೆಸಿದ್ದು ಸುರಕ್ಷತೆಯ ಚಿಂತೆ. ಸಿ ಪ್ರೋಗ್ರಾಮಿನಲ್ಲಿ ಮೆಮೊರಿಯನ್ನು 'ಫ್ರೀ' ಮಾಡಿ, ಅಂದರೆ ವಾಪಸ್ ಕೊಟ್ಟು, ಅದರ ವಿಳಾಸ ಹಿಡಿದಿರುವ ಅದೇ ಪಾಯಿಂಟರ್ ಮತ್ತೆ ಬಳಸಿ ನೋಡಿ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಷ್ಟೋ ಸಲ ಏನೂ ಅನ್ನೋದಿಲ್ಲ. ಪ್ರೋಗ್ರಾಂ ಓಡುತ್ತೆ, ಯಾವತ್ತೋ ಒಂದಿನ ಕೆಡುತ್ತೆ, ಇಲ್ಲಾ ಕಳ್ಳರಿಗೆ ದಾರಿಯಾಗುತ್ತೆ. ರಸ್ಟ್‌ನಲ್ಲಿ ಮಾಮೂಲಿ ಕೋಡ್ ಹೀಗೆ ಬರೆದರೆ ಕಂಪೈಲ್ ಆಗೋದೇ ಇಲ್ಲ. ಕ್ರೋಮ್ ಬ್ರೌಸರಿನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸೇರಿದವು ಎಂದು 2020ರಲ್ಲಿ ಗೂಗಲ್ ತಂಡವೇ ಹೇಳಿತ್ತು. ಇಷ್ಟು ಕಂಡ ಮೇಲೂ ಹಳೇದೇ ಸಾಕು ಅನ್ನೋದು ನನಗೆ ಒಪ್ಪಿಗೆಯಿಲ್ಲ.

2022ರ ಡಿಸೆಂಬರಿನಲ್ಲಿ ಲಿನಕ್ಸಿನ ತಿರುಳಾದ ಕರ್ನಲ್‌ನ 6.1 ಆವೃತ್ತಿಯೊಳಗೆ ರಸ್ಟ್ ಪ್ರಯೋಗವಾಗಿ ಬಂತು. ಆಗ ಅಸಲಿ ತಕರಾರು ಎದ್ದಿತು: ಈ ಕೋಡನ್ನು ನಾಳೆ ನೋಡಿಕೊಳ್ಳೋರು ಯಾರು? ಎರಡು ಭಾಷೆ ಬೆರೆತರೆ ನಿರ್ವಹಣೆ ಕಷ್ಟ ಎಂದು ಹಿರಿಯ ಮೇಂಟೇನರ್ (ಕರ್ನಲ್ ಕೋಡಿನ ಒಂದು ಭಾಗ ನೋಡಿಕೊಳ್ಳೋರು) ಕ್ರಿಸ್ಟೋಫ್ ಹೆಲ್ವಿಗ್ 2025ರ ಆರಂಭದಲ್ಲಿ ವಿರೋಧಿಸಿದರು. ಅದು ಬರೀ ಹಟ ಅಲ್ಲ. ತಪ್ಪಾದಾಗ ರಾತ್ರಿ ಕೂತು ಸರಿಮಾಡೋದು ಮೇಂಟೇನರ್‌ಗಳೇ ಅಲ್ವಾ? ರಸ್ಟ್ ಬೇಡ ಅನ್ನೋರು ಅದನ್ನು ನೋಡಬೇಕಿಲ್ಲ, ಆದರೆ ಬೇರೆಯವರು ಬಳಸೋದನ್ನು ತಡೆಯುವಂತಿಲ್ಲ ಎಂದು ಟೋರ್ವಾಲ್ಡ್ಸ್ ತೀರ್ಪು ಕೊಟ್ಟರು. ಅದೇ 2025ರ ಡಿಸೆಂಬರಿನಲ್ಲಿ ಮೇಂಟೇನರ್‌ಗಳ ಟೋಕಿಯೋ ಸಭೆಯಲ್ಲಿ ಪ್ರಯೋಗ ಮುಗಿಯಿತು, ರಸ್ಟ್ ಇನ್ನು ಉಳಿಯುತ್ತೆ ಎಂದಾಯಿತು.

ಹಾಗಂತ ಸಿ ಬಿಡಬೇಡಿ. ಕರ್ನಲ್‌ನ ಬಹುಪಾಲು ಇವತ್ತಿಗೂ ಸಿ. ರಸ್ಟ್‌ನಲ್ಲಿ ಬರೆದ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಕೂಡ ಒಳಗೆ ಸಿ ಫಂಕ್ಷನ್‌ಗಳನ್ನೇ ಕರೆಯುತ್ತೆ.

ಹೊಸ ಭಾಷೆಯ ಖರ್ಚು ಬೀಳೋದು ಹಳೇ ಯಂತ್ರಗಳ ಮೇಲೆ. 2021ರಲ್ಲಿ ಪೈಥಾನ್ ಭಾಷೆಯ 'ಕ್ರಿಪ್ಟೋಗ್ರಫಿ' ಪ್ಯಾಕೇಜಿಗೆ ರಸ್ಟ್ ಬಂದಾಗ ಎಷ್ಟೋ ಜನರ ಇನ್‌ಸ್ಟಾಲ್ ನಿಂತುಹೋಯಿತು. ಕೆಲವು ಹಳೇ ಪ್ರೊಸೆಸರ್‌ಗಳಿಗೆ ರಸ್ಟ್ ಕಂಪೈಲರೇ ಇರಲಿಲ್ಲ. ಕಡಿಮೆ ರ‍್ಯಾಮ್ ಇರುವ ಲ್ಯಾಬ್ ಕಂಪ್ಯೂಟರ್, ಮೊಬೈಲ್ ಡೇಟಾ ನೆಚ್ಚಿಕೊಂಡ ಹಾಸ್ಟೆಲ್, ಇಂಥ ಕಡೆ ದೊಡ್ಡ ರಸ್ಟ್ ಪ್ರಾಜೆಕ್ಟ್ ಬಿಲ್ಡ್ ಮಾಡೋದೂ ಭಾರವೇ. ಭಾಷೆ ಆರಿಸುವಾಗ ಇವರೂ ಲೆಕ್ಕಕ್ಕೆ ಬರಬೇಕು.

ಡೆಬಿಯನ್‌ನ (ಇದೂ ಒಂದು ಲಿನಕ್ಸ್) ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಸಾಧನ ಆಪ್ಟ್ ಈ ವಿಷಯದಲ್ಲಿ ಮೊದಲೇ ಹೇಳಿತು: 2026ರ ಮೇಗಿಂತ ಮುಂಚೆ ರಸ್ಟ್ ಕಡ್ಡಾಯವಿಲ್ಲ, ಅಷ್ಟರೊಳಗೆ ಸಿದ್ಧರಾಗಿ ಎಂದು 2025ರ ಅಕ್ಟೋಬರ್ ಕೊನೆಗೆ ತಿಳಿಸಿತು. ಸುಮಾರು ಆರು ತಿಂಗಳ ಗಡುವು. ಹಳೇ ಯಂತ್ರಗಳನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವವರಿಗೆ ಅದು ಕಡಿಮೆ ಆಯಿತು.