ಮರದ ಬಾಣ: ಕೋಲಿನ ಆಯ್ಕೆಯಿಂದ ಬಣ್ಣದ ಪಟ್ಟೆಯವರೆಗೆ

ಸ್ವಂತ ಬಾಣ ಮಾಡಲು ಹೊರಟವರ ಕಣ್ಣು ಮೊದಲು ಗರಿಯ ಬಣ್ಣದ ಮೇಲೂ ಪಟ್ಟೆಗಳ ಅಂದದ ಮೇಲೂ ಬೀಳುವುದು ಸಹಜ. ಆದರೆ ಬಾಣ ನೆಟ್ಟಗೆ ಹಾರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕೋಲನ್ನು ಆರಿಸುವಾಗಲೇ ನಿಶ್ಚಯವಾಗಿರುತ್ತದೆ. ಮಂಗಳೂರು, ಉಡುಪಿಯಂಥ ತೇವದ ಊರುಗಳಲ್ಲಿ ಆ ಕೋಲು ಎಷ್ಟು ಕಾಲ ನೆಟ್ಟಗೆ ಉಳಿಯುತ್ತದೆ ಎಂಬುದು ಅದರ ಮೇಲಿನ ಲೇಪವನ್ನು ಅವಲಂಬಿಸಿದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಕೋಲಿಗೂ ಲೇಪಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಾಣಕ್ಕೆ ಹೆಸರಾದ ಮರವೆಂದರೆ ಅಮೆರಿಕದ ಪಶ್ಚಿಮ ಕರಾವಳಿಯ ಪೋರ್ಟ್ ಆರ್ಫರ್ಡ್ ಸೀಡರ್. ಸಿಟ್ಕಾ ಸ್ಪ್ರೂಸ್ ಮತ್ತು ಪೈನ್ ಕೂಡ ಬಳಕೆಯಲ್ಲಿವೆ. ನಮ್ಮಲ್ಲಿ ಕಲಿಯುವವರಿಗೆ ಸುಲಭವಾಗಿ ಒದಗುವುದು ಪೈನ್. ಸುಮಾರು 8 ಮಿಲಿಮೀಟರ್ ದಪ್ಪದ ದುಂಡು ಕೋಲು ಆರಂಭಕ್ಕೆ ಸಾಕು. ತೋಟದಲ್ಲೇ ಬಿದ್ದಿರುವ ಅಡಿಕೆ ಮರದ ಸಲಾಕೆ ಆಗದೇ ಎಂದು ಕೇಳುವವರಿದ್ದಾರೆ. ಅಡಿಕೆ ಮರದಲ್ಲಿ ವಾರ್ಷಿಕ ಉಂಗುರಗಳಿಲ್ಲ. ಅದು ಗಟ್ಟಿ ನಾರುಗಳ ಕಟ್ಟು, ತೂಕವೂ ಹೆಚ್ಚು, ಕೆತ್ತುವಾಗ ಸಿಬಿರು ಏಳುತ್ತದೆ. ಹೊಸಬರಿಗೆ ಅದು ಬೇಡವೆಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಕೋಲನ್ನು ಕಣ್ಣಿನ ನೇರಕ್ಕೆ ಹಿಡಿದು ತಿರುಗಿಸಿ ನೋಡಿದರೆ ಡೊಂಕು ಕೂಡಲೇ ಕಾಣುತ್ತದೆ. ಸಣ್ಣ ಡೊಂಕನ್ನು ತುಸು ಬಿಸಿ ಮಾಡಿ ಕೈಯಿಂದ ಒತ್ತಿ ಸರಿಪಡಿಸಬಹುದು. ಸರಿಪಡಿಸಲಾಗದ ದೋಷವೆಂದರೆ ಎಳೆಯ ಓರೆ. ಮರದ ಎಳೆಗಳು ಕೋಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಿಯಬೇಕು. ನಡುವೆಯೇ ಪಕ್ಕಕ್ಕೆ ಜಾರಿ ಹೊರಬೀಳುವ ಎಳೆಯಿದ್ದರೆ ಬಿಡುವ ಹೊತ್ತಿನ ಒತ್ತಡಕ್ಕೆ ಕೋಲು ಅಲ್ಲಿಯೇ ಸೀಳಿ, ಅದರ ಚೂರು ಬಿಲ್ಲು ಹಿಡಿದ ಕೈಗೆ ನಾಟಬಹುದು. ಗಂಟಿರುವ ಕೋಲನ್ನೂ ಬಿಡಬೇಕು. ಒಂದು ಕಟ್ಟಿನಲ್ಲಿ ಅರ್ಧದಷ್ಟು ಕೋಲುಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕಾದರೂ ಸಂಕೋಚಪಡಬೇಕಾಗಿಲ್ಲ.

ಮುಂದಿನದು ಬಿಗುವು, ಅಂದರೆ ಕೋಲು ಸುಲಭವಾಗಿ ಬಾಗದಿರುವ ಗುಣ. ಬಿಲ್ಲುಗಾರರು ಇದನ್ನು ಸ್ಪೈನ್ ಎನ್ನುತ್ತಾರೆ. ಹೆದೆ ಬಾಣವನ್ನು ಹಿಂದಿನಿಂದ ದೂಡುವಾಗ ಬಿಲ್ಲಿನ ಹಿಡಿ ಮುಂದೆ ಅಡ್ಡವಾಗಿರುತ್ತದೆ. ಬಾಣ ಬಾಗಿ, ಹಿಡಿಯನ್ನು ಬಳಸಿಕೊಂಡು ದಾಟಿ, ಆಮೇಲೆ ಗುರಿಯ ನೇರಕ್ಕೆ ಮರಳುತ್ತದೆ. ಬಾಗುವುದು ಹೆಚ್ಚಾದರೂ ಕಡಿಮೆಯಾದರೂ ಅದು ಪಕ್ಕಕ್ಕೆ ಸರಿಯುತ್ತದೆ. ಇದನ್ನು ಮನೆಯಲ್ಲೇ ಅಳೆಯಬಹುದು. 26 ಇಂಚು, ಅಂದರೆ 660 ಮಿಲಿಮೀಟರ್ ಅಂತರದ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು, ನಟ್ಟನಡುವೆ 2 ಪೌಂಡ್, ಅಂದರೆ ಸುಮಾರು 907 ಗ್ರಾಂ ತೂಕ ತೂಗುಬಿಟ್ಟು, ಕೋಲು ಎಷ್ಟು ಮಿಲಿಮೀಟರ್ ತಗ್ಗಿತೆಂದು ನೋಡಬೇಕು. 660ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕೋಲಿನ ಬಿಗುವು ಪೌಂಡಿನಲ್ಲಿ ದೊರೆಯುತ್ತದೆ: 22 ಮಿಲಿಮೀಟರ್ ತಗ್ಗಿದರೆ 30 ಪೌಂಡ್, 16.5 ತಗ್ಗಿದರೆ 40. ತೂಕ ತೂಗುವಾಗ ಕೋಲಿನ ತುದಿಯಲ್ಲಿ ಕಾಣುವ ಉಂಗುರದ ಗೆರೆಗಳು ಲಂಬವಾಗಿರಬೇಕು. 28 ಇಂಚಿಗೆ ಎಳೆದಾಗ 30 ಪೌಂಡ್ ಬಲ ಬೇಕಾಗುವ ಬಿಲ್ಲಿಗೆ 30ರಿಂದ 35ರೊಳಗಿನ ಕೋಲು ಆರಂಭಕ್ಕೆ ಸರಿ. ಬಾಣ 28 ಇಂಚಿಗಿಂತ ಉದ್ದವಾದರೆ, ಹೆಚ್ಚಾದ ಪ್ರತಿ ಇಂಚಿಗೆ 5 ಪೌಂಡ್ ಬಿಗುವನ್ನು ಕೂಡಿಸಿಕೊಳ್ಳುವುದು ರೂಢಿ. ಆಮೇಲೆ ಒಟ್ಟಿಗೆ ಬಳಸಬೇಕೆಂದಿರುವ ಕೋಲುಗಳನ್ನು ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಅರ್ಧ ಗ್ರಾಂನಷ್ಟು ಅಂತರದೊಳಗೆ ಹೊಂದಿಸಿಕೊಂಡರೆ ಒಳ್ಳೆಯದು.

ಹೆದೆ ಕೂರುವ ಕಚ್ಚನ್ನು ಉಂಗುರದ ಗೆರೆಗಳಿಗೆ ಅಡ್ಡವಾಗಿ ಕೊರೆಯಬೇಕು. ಆಗ ಕೋಲಿನ ಹೆಚ್ಚು ಬಿಗುವಿನ ಪಕ್ಕ ಬಿಲ್ಲಿಗೆ ತಾಗುತ್ತದೆ. ಕೋಲಿನ ಮೇಲ್ಭಾಗದಲ್ಲಿ ಜ್ವಾಲೆಯಂತೆ ಕಾಣುವ ಎಳೆಗಳ ಮೊನೆ ಬಾಣದ ಮುಂತುದಿಯ ಕಡೆಗಿದ್ದರೆ, ಮುರಿದರೂ ಚೂರು ಕೈಯಿಂದ ದೂರಕ್ಕೆ ಚಿಮ್ಮುತ್ತದೆ. ಮರದಲ್ಲೇ ಕಚ್ಚು ಕೊರೆದವರು ಅದರ ಬುಡಕ್ಕೆ ದಾರ ಬಿಗಿದು ಸುತ್ತಬೇಕು, ಇಲ್ಲವಾದರೆ ಹೆದೆಯೇ ಕೋಲನ್ನು ಸೀಳುತ್ತದೆ. ಪ್ಲಾಸ್ಟಿಕ್ ಕಚ್ಚು ಮತ್ತು ಲೋಹದ ಮೊನೆ ಕೂರಿಸಲು ಕೋಲಿನ ಎರಡೂ ತುದಿಗಳನ್ನು ಕ್ರಮವಾಗಿ ಸುಮಾರು 11 ಮತ್ತು 5 ಡಿಗ್ರಿ ಕೋನಕ್ಕೆ ಚೂಪು ಮಾಡಬೇಕಾಗುತ್ತದೆ. ಪೆನ್ಸಿಲ್ ಚೂಪು ಮಾಡುವ ಸಾಧನವನ್ನು ಹೋಲುವ ಉಪಕರಣ ಇದಕ್ಕೆಂದೇ ಸಿಗುತ್ತದೆ.

ಇನ್ನು ಲೇಪ. ಬರಿಯ ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಏರಿಳಿತದಲ್ಲೇ ನೆಟ್ಟಗಿದ್ದ ಕೋಲು ಡೊಂಕಾಗುತ್ತದೆ. ನಯವಾದ ಮರಳು ಕಾಗದದಿಂದ ಎಳೆಯ ದಿಕ್ಕಿನಲ್ಲಿ ಉಜ್ಜಿ, ಧೂಳನ್ನು ಪೂರ್ತಿ ಒರೆಸಿ, ತೆಳುವಾದ ಲೇಪವನ್ನು ಎರಡು ಮೂರು ಸಲ ಕೊಡಬೇಕು. ಕೊರೆದ ಕಚ್ಚಿನ ಒಳಭಾಗವನ್ನೂ ಮರೆಯಬಾರದು, ಏಕೆಂದರೆ ಎಳೆಯ ತುದಿಗಳಿಂದಲೇ ನೀರು ಬೇಗ ಒಳಸೇರುತ್ತದೆ. ನಮ್ಮ ಆಚಾರಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಸುವ ಫ್ರೆಂಚ್ ಪಾಲಿಷ್ ಅಗ್ಗದ್ದೂ ಬೇಗ ಒಣಗುವಂಥದ್ದೂ ಹೌದು. ಆದರೆ ಆಟಿ ತಿಂಗಳ ಮಳೆಯಲ್ಲಿ ಅದನ್ನು ಬಳಿದರೆ, ಸ್ಪಿರಿಟ್ ಆರುವಾಗ ಗಾಳಿಯ ತೇವ ಮೇಲ್ಮೈಯಲ್ಲಿ ಸಿಕ್ಕಿ ಬೆಳ್ಳಗಿನ ಮಬ್ಬು ಕಟ್ಟುತ್ತದೆ. ಮಳೆಗಾಲದಲ್ಲಿ ಕೋಲು ಆರಿಸಿ ಅಳೆದಿಟ್ಟು, ಲೇಪದ ಕೆಲಸವನ್ನು ನವೆಂಬರ್ ನಂತರದ ಒಣ ದಿನಗಳಿಗೆ ಮುಂದೂಡುವುದು ಜಾಣತನ.

ಪಟ್ಟೆಗಳು ಬರಿಯ ಸೊಗಸಿಗಲ್ಲ. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಆರ್ಚರಿಯ ನಿಯಮದಂತೆ ಸ್ಪರ್ಧಿಯ ಪ್ರತಿ ಬಾಣದ ಮೇಲೂ ಹೆಸರು ಅಥವಾ ಮೊದಲಕ್ಷರಗಳಿರಬೇಕು. ಒಂದು ಸುತ್ತಿನಲ್ಲಿ ಬಳಸುವ ಬಾಣಗಳ ಗರಿ, ಕಚ್ಚು, ಪಟ್ಟೆಗಳ ವಿನ್ಯಾಸ ಮತ್ತು ಬಣ್ಣ ಒಂದೇ ಆಗಿರಬೇಕು. ಹಿಂಬದಿಯ ಎಂಟು ಹತ್ತು ಇಂಚಿಗೆ ಬಿಳಿ ಅಥವಾ ಹಳದಿ ಬಳಿದರೆ ಹುಲ್ಲಿನಲ್ಲಿ ಬಿದ್ದ ಬಾಣ ಬೇಗ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಯಕ್ಷಗಾನದ ವೇಷಗಳಲ್ಲಿ ಕಾಣುವ ಕೆಂಪು, ಕಪ್ಪು ಬಣ್ಣಗಳ ತೆಳು ಗೆರೆಗಳು ಚೆನ್ನಾಗಿ ಒಪ್ಪುತ್ತವೆ. ಕುಂಚವನ್ನು ಅಲುಗಿಸದೆ ಕೋಲನ್ನು ನಿಧಾನವಾಗಿ ತಿರುಗಿಸಿದರೆ ಮಾತ್ರ ಗೆರೆ ಸಮವಾಗಿ ಕೂಡುತ್ತದೆ. ಸಣ್ಣ ಮೋಟಾರಿನ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಕೋಲನ್ನು ತಿರುಗಿಸುವವರೂ ಇದ್ದಾರೆ. ಬಣ್ಣ, ಲೇಪ, ಗೋಂದು ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ತುಂಡು ಕೋಲಿನ ಮೇಲೆ ಮೊದಲು ಪರೀಕ್ಷಿಸಬೇಕು.

ಗರಿಗೆ ಟರ್ಕಿ ಕೋಳಿ ಅಥವಾ ಹೆಬ್ಬಾತಿನ ರೆಕ್ಕೆಯ ದೊಡ್ಡ ಗರಿಗಳೇ ಸೂಕ್ತ. ನವಿಲು, ಹದ್ದುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ಹಕ್ಕಿಗಳಾದ್ದರಿಂದ ಅವುಗಳ ಗರಿಯ ಗೊಡವೆ ಬೇಡ. ಒಂದು ಬಾಣದ ಮೂರೂ ಗರಿಗಳು ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡ ಬಲ ಬೆರೆತರೆ ಅವುಗಳ ಸಹಜ ಬಾಗು ಒಂದಕ್ಕೊಂದು ಎದುರಾಗಿ ಬಾಣ ಸರಿಯಾಗಿ ಸುತ್ತುವುದಿಲ್ಲ. ಗರಿಗಳ ನಡುವೆ 120 ಡಿಗ್ರಿ ಅಂತರವಿಟ್ಟು, ಬೇರೆ ಬಣ್ಣದ ಒಂದನ್ನು ಕಚ್ಚಿಗೆ ಅಡ್ಡವಾಗಿ, ಬಿಲ್ಲಿನಿಂದ ಹೊರಮುಖವಾಗಿ ಅಂಟಿಸಬೇಕು. ನೀರಿಗೆ ಕರಗುವ ಬಿಳಿ ಗೋಂದು ಇಲ್ಲಿ ಉಪಯೋಗವಿಲ್ಲ. ಗರಿಯ ದಂಟಿನ ಮುಂತುದಿಯನ್ನು ತೆಳುವಾಗಿ ಸವೆಸಿ, ಗೋಂದು ಅಥವಾ ದಾರದಿಂದ ಪೂರ್ತಿ ಮುಚ್ಚಬೇಕು, ಏಕೆಂದರೆ ಬಾಣ ಕೈಯ ಮೇಲಿಂದ ಹಾದುಹೋಗುವಾಗ ಎದ್ದಿರುವ ದಂಟು ಚರ್ಮವನ್ನು ಸೀಳುತ್ತದೆ. ಮುದುಡಿದ ಗರಿಯನ್ನು ಕುದಿವ ನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿದರೆ ಮತ್ತೆ ನೆಟ್ಟಗಾಗುತ್ತದೆ.

ಹೀಗೆ ಸಿದ್ಧವಾದ ಮರದ ಬಾಣವನ್ನು ಕಾಂಪೌಂಡ್ ಬಿಲ್ಲಿನಲ್ಲಿ, ಅಂದರೆ ತುದಿಗಳಲ್ಲಿ ರಾಟೆಗಳಿರುವ ಆಧುನಿಕ ಬಿಲ್ಲಿನಲ್ಲಿ, ಬಳಸುವಂತಿಲ್ಲ. ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಳಸುವಾಗಲೂ, ಪ್ರತಿ ಸಲ ಹೂಡುವ ಮುನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಬಾಗಿಸಿ ನೋಡಬೇಕು. ಚಿಟಿಕೆಯಷ್ಟು ಸಿಡಿದ ಸದ್ದು ಕೇಳಿದರೂ, ಉಗುರಿಗೆ ಬಿರುಕು ತಗುಲಿದರೂ, ಅದನ್ನು ಅಲ್ಲಿಯೇ ಎರಡಾಗಿ ಮುರಿದು ಬದಿಗಿಡಬೇಕು.