ಚಿನ್ ಸ್ಪೊವೆಚ್ನಿ: ಶ್ರಮದಾನವೋ, ಬಿಟ್ಟಿ ಚಾಕರಿಯೋ?

ಪೋಲಿಷ್ ಭಾಷೆಯಲ್ಲಿ 'ಚಿನ್' ಅಂದರೆ ಕೆಲಸ, ಕಾರ್ಯ. 'ಸ್ಪೊವೆಚ್ನಿ' ಅಂದರೆ ಸಮಾಜದ್ದು. ಎರಡೂ ಸೇರಿದರೆ ಸಮಾಜಕ್ಕಾಗಿ ಮಾಡಿದ ಕೆಲಸ. ನಿಘಂಟು ನೋಡಿ ಕನ್ನಡಕ್ಕೆ ತಂದರೆ ಶ್ರಮದಾನ ಎಂದೇ ಬರೆಯಬೇಕು. ಆದರೆ ಕಮ್ಯುನಿಸ್ಟ್ ಆಡಳಿತದ ಪೋಲೆಂಡ್‌ನಲ್ಲಿ ಬೆಳೆದವರನ್ನು ಕೇಳಿದರೆ ಈ ಮಾತಿಗೆ ಮೂಗು ಮುರಿಯುವವರೇ ಜಾಸ್ತಿ. ಅವರ ಮಟ್ಟಿಗೆ ಇದಕ್ಕೆ ಹತ್ತಿರದ ಕನ್ನಡ ಪದ ಬಿಟ್ಟಿ ಚಾಕರಿ.

ಬಿಟ್ಟಿ ಅಂದರೆ ಈಗ ನಮಗೆ ಸುಮ್ನೆ ಪುಕ್ಕಟೆ ಅಂತ, ಅಲ್ವಾ? ಬಿಟ್ಟಿ ಊಟ, ಬಿಟ್ಟಿ ಸಲಹೆ. ಮೂಲದಲ್ಲಿ ಅದು ಸಂಸ್ಕೃತದ 'ವಿಷ್ಟಿ'. ಒಡೆಯನಿಗೆ ಕೂಲಿಯಿಲ್ಲದೆ, ಒಲ್ಲೆ ಅನ್ನಲಾಗದೆ ಮಾಡಲೇಬೇಕಿದ್ದ ದುಡಿಮೆ. ಆ ಹಳೆಯ ಅರ್ಥವನ್ನು ನೆನಪಿಟ್ಟುಕೊಂಡರೆ ಪೋಲೆಂಡ್‌ನವರ ಮುನಿಸು ಅರ್ಥವಾಗುತ್ತದೆ.

ಇದರ ಬೇರು ಇರುವುದು ರಷ್ಯಾದಲ್ಲಿ. 1919ರ ಏಪ್ರಿಲ್ 12, ಶನಿವಾರ ರಾತ್ರಿ. ಮಾಸ್ಕೋದ ಒಂದು ರೈಲ್ವೆ ಶೆಡ್‌ನಲ್ಲಿ 15 ಮಂದಿ ಕೂಲಿ ಕೇಳದೆ ಉಳಿದುಕೊಂಡು ಮೂರು ಎಂಜಿನ್ ರಿಪೇರಿ ಮಾಡಿದರು. ರಷ್ಯನ್‌ನಲ್ಲಿ ಶನಿವಾರ 'ಸುಬ್ಬೋತಾ', ಹಾಗಾಗಿ ಇಂಥ ದುಡಿಮೆಗೆ 'ಸುಬ್ಬೋತ್ನಿಕ್' ಎಂಬ ಹೆಸರು ಬಂತು. ಲೆನಿನ್ ಅದನ್ನು ಹೊಗಳಿ ಬರೆದರು. 1920ರ ಮೇ ದಿನ ತಾವೇ ಕ್ರೆಮ್ಲಿನ್ ಅಂಗಳದಲ್ಲಿ ಮರದ ದಿಮ್ಮಿ ಹೊತ್ತರು. ಮೊದಲ ಶನಿವಾರ ಮನಸಾರೆ ನಡೆದದ್ದೇ ಇರಬಹುದು. ಪಕ್ಷ ಅದನ್ನು ವಾಡಿಕೆ ಮಾಡಿದ ಮೇಲೆ ಮನಸ್ಸನ್ನು ಯಾರೂ ಕೇಳಲಿಲ್ಲ.

ಎರಡನೇ ಮಹಾಯುದ್ಧದ ನಂತರ ಈ ವಾಡಿಕೆ ಪೂರ್ವ ಯೂರೋಪಿಗೂ ಹಬ್ಬಿತು. ರೊಮೇನಿಯಾದಲ್ಲಿ ಇದನ್ನು 'ದೇಶಭಕ್ತಿಯ ದುಡಿಮೆ' ಎಂದೇ ಕರೆದರು. ಪೋಲೆಂಡ್‌ನಲ್ಲಿ ಚಿನ್ ಸ್ಪೊವೆಚ್ನಿ. ಕಾರ್ಖಾನೆಯವರು, ಆಫೀಸಿನವರು, ಶಾಲೆ ಮಕ್ಕಳು ರಜೆಯ ದಿನ ಬಂದು ಗಿಡ ನೆಡಬೇಕು, ಉದ್ಯಾನ ಗುಡಿಸಬೇಕು, ಮಣ್ಣು ಹೊರಬೇಕು. ಹೆಸರಿಗೆ ಸ್ವಂತ ಇಷ್ಟ. ಬರದೇ ಹೋದರೆ ಮೇಲಿನವರ ಕಣ್ಣಿಗೆ ಬೀಳುವ ಭಯ. ಹಾಗಂತ ಎಲ್ಲವೂ ನಾಟಕ ಅನ್ನುವುದು ಸರಿಯಲ್ಲ. ಹೊಜುವ್ ನಗರದ ಬಳಿ ಗಣಿಗಾರಿಕೆಯಿಂದ ಹಾಳುಬಿದ್ದಿದ್ದ ನೆಲದಲ್ಲಿ ಎದ್ದ ಬೃಹತ್ ಉದ್ಯಾನಕ್ಕೆ ಹೀಗೆ ಬಂದವರ ಬೆವರೂ ಬಿದ್ದಿದೆ. ಜನ ಇಂದಿಗೂ ಅಲ್ಲಿ ವಾಯುವಿಹಾರ ಮಾಡುತ್ತಾರೆ.

ಇದೇ ಹೊತ್ತಿನಲ್ಲಿ ಜನ ತಾವಾಗಿಯೇ ಕಟ್ಟಿಕೊಂಡ ಸಂಸ್ಥೆಗಳ ಬಾಗಿಲು ಮುಚ್ಚುತ್ತಿತ್ತು. 1952ರಲ್ಲಿ ಒಂದು ಆದೇಶ ಹೊರಟು ದತ್ತಿ ಸಂಸ್ಥೆಗಳೆಲ್ಲ ರದ್ದಾದವು, ಆಸ್ತಿ ಸರ್ಕಾರದ ಪಾಲಾಯಿತು. ಸಹಕಾರ ಸಂಘಗಳು ಉಳಿದವು, ಆದರೆ ಸರ್ಕಾರದ ಯೋಜನೆಯ ಬಾಲಂಗೋಚಿಯಾಗಿ. ಕೇಳದೆ ಮಾಡಿದ ಸೇವೆಗೆ ಅನುಮಾನ, ಕೇಳಿ ಮಾಡಿಸಿದ ಸೇವೆಗೆ ಚಪ್ಪಾಳೆ!

1984ರಲ್ಲಿ ದತ್ತಿ ಸಂಸ್ಥೆಗಳಿಗೆ ಮತ್ತೆ ಅವಕಾಶ ಸಿಕ್ಕಿತು. 1989ರ ಏಪ್ರಿಲ್‌ನಲ್ಲಿ ಸಂಘಗಳ ಹೊಸ ಕಾನೂನು ಬಂತು. ಆಗ 15 ಜನ ಸೇರಿದರೆ ಸಂಘ ಕಟ್ಟಬಹುದಿತ್ತು. ಸರಿ, ಸಂಘವೇನೋ ಆಯಿತು. ಸಂಬಳವಿಲ್ಲದೆ ಅಲ್ಲಿ ದುಡಿಯುವವರನ್ನು ಏನೆಂದು ಕರೆಯುವುದು? 'ಸ್ಪೊವೆಚ್ನಿಕ್' ಎಂಬ ಹಳೆಯ, ಮರ್ಯಾದೆಯ ಪದವಿತ್ತು. ಆದರೆ ಅದು ಊರಿಗಾಗಿ ಇಡೀ ಬದುಕನ್ನೇ ಮುಡಿಪಿಟ್ಟವರಿಗೆ ಸಲ್ಲುವ ಪದ. 'ಒಹೋತ್ನಿಕ್' ಎಂಬುದೂ ಇತ್ತು, ಇಷ್ಟಪಟ್ಟು ಬಂದವನು ಎಂದರ್ಥ. ಅದನ್ನು ಸೈನ್ಯ ಮತ್ತು ಹಳ್ಳಿಗಳ ಅಗ್ನಿಶಾಮಕ ದಳ ಆಗಲೇ ಹಿಡಿದುಕೊಂಡಿದ್ದವು. ಕೊನೆಗೆ ಚಾಲ್ತಿಗೆ ಬಂದದ್ದು ಲ್ಯಾಟಿನ್ ಬೇರಿನ 'ವೊಲೊಂತಾರಿಯುಶ್'. ಮನೆಯಲ್ಲೇ ಪದಗಳಿದ್ದೂ ಹೊರಗಿನ ಬೇರಿನದನ್ನು ಮುಂದೆ ತಂದಿದ್ದು ಬರೀ ಶೋಕಿಗೆ ಅಂತ ನನಗನ್ನಿಸುವುದಿಲ್ಲ. ಅದರ ಮೇಲೆ ಹಳೆಯ ಕಲೆ ಇರಲಿಲ್ಲ.

ಹೊಸ ಪದಕ್ಕೆ ಮುಖ ಕೊಟ್ಟವರಲ್ಲಿ ಯೆಜಿ ಓವ್ಶಾಕ್ ಮುಖ್ಯರು. 1993ರ ಜನವರಿಯಲ್ಲಿ ಮಕ್ಕಳ ಹೃದಯ ಚಿಕಿತ್ಸೆಗೆಂದು ಅವರು ದೇಶವ್ಯಾಪಿ ನಿಧಿ ಸಂಗ್ರಹ ಶುರು ಮಾಡಿದರು. ಹುಡುಗ ಹುಡುಗಿಯರು ಡಬ್ಬಿ ಹಿಡಿದು ಚಳಿಯಲ್ಲಿ ನಿಲ್ಲುತ್ತಾರೆ. ಕಾಸು ಹಾಕಿದವರ ಕೋಟಿಗೆ ಕೆಂಪು ಹೃದಯದ ಸ್ಟಿಕರ್ ಅಂಟಿಸುತ್ತಾರೆ. ಇದು ಈಗಲೂ ಪ್ರತಿ ವರ್ಷ ನಡೆಯುತ್ತದೆ. 1997ರ ಜುಲೈನಲ್ಲಿ ವ್ರೊತ್ಸ್ವಾಫ್ ನಗರಕ್ಕೆ ನೆರೆ ನುಗ್ಗಿದಾಗ ಮರಳು ಚೀಲ ತುಂಬಲು ಜನ ತಾವಾಗಿಯೇ ಬಂದರು. ಕೆಲಸ ನೋಡಿದರೆ ಮತ್ತದೇ ಮಣ್ಣು ಹೊರುವುದು!

2003ರಲ್ಲಿ ಬಂದ ಕಾನೂನು ವೊಲೊಂತಾರಿಯುಶ್ ಯಾರು ಎಂದು ಹೇಳುವಾಗ 'ಸಂಬಳವಿಲ್ಲದೆ' ಎಂಬುದರ ಜೊತೆಗೆ 'ತನ್ನ ಇಷ್ಟದಿಂದ' ಎಂದೂ ಬರೆದಿದೆ. 30 ದಿನಕ್ಕಿಂತ ಹೆಚ್ಚಿನ ಕೆಲಸವಾದರೆ ಲಿಖಿತ ಒಪ್ಪಂದ ಬೇಕು. ತೆರಿಗೆದಾರರು ತಮ್ಮ ಆದಾಯ ತೆರಿಗೆಯ ಶೇ. 1ರಷ್ಟು ಭಾಗವನ್ನು ತಾವು ಆರಿಸಿದ ಸಂಸ್ಥೆಗೆ ಕೊಡಿಸಬಹುದೆಂಬ ಏರ್ಪಾಡೂ ಆಗಲೇ ಬಂತು. ಇದರ ಮೂಲ ಹಂಗೆರಿ. ಪೋಲೆಂಡ್‌ನಲ್ಲಿ ಅದೀಗ ಶೇ. 1.5.

ಆ ಹೊತ್ತಿಗೆ ಪೋಲೆಂಡ್‌ನಲ್ಲಿ ನಿರುದ್ಯೋಗ ಶೇ. 20ರ ಆಸುಪಾಸಿನಲ್ಲಿತ್ತು. ಸರ್ಕಾರಿ ಕೃಷಿ ಫಾರ್ಮ್‌ಗಳು ಮುಚ್ಚಿ ಹಳ್ಳಿಗಳು ಬಡವಾಗಿದ್ದವು. ಡಬ್ಬಿ ಹಿಡಿದು ಒಟ್ಟುಮಾಡಿದ ದುಡ್ಡು ಇದಕ್ಕೆಲ್ಲಿ ಸಾಕು? ಬೇಕಾಗಿದ್ದದ್ದು ಕೆಲಸ. 'ಎಕೊನೊಮಿಯಾ ಸ್ಪೊವೆಚ್ನಾ', ಅಂದರೆ ಸಾಮಾಜಿಕ ಅರ್ಥವ್ಯವಸ್ಥೆ ಎಂಬ ಮಾತು ಜೋರಾಗಿದ್ದು ಆಗಲೇ. ಇಲ್ಲಿ ವ್ಯಾಪಾರವೂ ಇದೆ, ಲಾಭವೂ ಬರಲಿ, ಆದರೆ ನಡೆಸುವುದು ಲಾಭ ಹಂಚಿಕೊಳ್ಳಲು ಅಲ್ಲ. 2006ರ ಕಾನೂನಿನ ಪ್ರಕಾರ ನಿರುದ್ಯೋಗಿಗಳು, ಅಂಗವಿಕಲರು, ಮನೆಯಿಲ್ಲದವರು ತಾವೇ ಸೇರಿ ಸಾಮಾಜಿಕ ಸಹಕಾರ ಸಂಘ ಕಟ್ಟಬಹುದು. 2022ರಲ್ಲಿ ಇಡೀ ಕ್ಷೇತ್ರಕ್ಕೆಂದೇ ಒಂದು ಕಾನೂನು ಬಂತು. ಗಮನಿಸಿ, 'ಸ್ಪೊವೆಚ್ನಿ'ಯೇ ಇಲ್ಲಿ ಸ್ತ್ರೀಲಿಂಗದ ರೂಪ ತಾಳಿ ವಾಪಸ್ ಬಂದಿದೆ. ಈ ಸಲ ಕೂಲಿಯ ಜೊತೆಗೆ.

ಚಿನ್ ಸ್ಪೊವೆಚ್ನಿ ಸತ್ತಿಲ್ಲ. ಈಗ ಅದು ತಮಾಷೆಯ ಮಾತು. ಸ್ನೇಹಿತನ ಮನೆಗೆ ಸುಣ್ಣ ಬಣ್ಣ ಬಳಿದುಕೊಟ್ಟವನು, ಕಾಸು ಬರದ ಕೆಲಸಕ್ಕೆ ಭಾನುವಾರ ಕಳೆದವನು, ಎಷ್ಟು ಸಿಕ್ಕಿತು ಅಂತ ಯಾರಾದರೂ ಕೇಳಿದರೆ ನಕ್ಕು ಹೇಳುತ್ತಾನೆ: 'ಚಿನ್ ಸ್ಪೊವೆಚ್ನಿ ಲೆಕ್ಕದಲ್ಲಿ ಮಾಡಿದೆ ಮಾರಾಯ.'